ಉಳಿದ ವಾರ್ನಿಶ್‌ಗೆ ಮೂತಿಯ ಚೀಲ: ದುಡ್ಡು ದಂಡವಲ್ಲ, ಆದರೆ ಎಲ್ಲ ಡಬ್ಬಕ್ಕೂ ಅಲ್ಲ

ಮರಗೆಲಸದ ಗೀಳು ಇರುವವರ ಮನೆಯಲ್ಲಿ ಅರ್ಧ ಖಾಲಿಯಾದ ಡಬ್ಬಗಳ ಸಾಲೊಂದು ಇದ್ದೇ ಇರುತ್ತೆ. ಕಿಟಕಿಗೋ ಟೀಪಾಯಿಗೋ ಕಾಲು ಲೀಟರ್ ಸಾಕಾಗುತ್ತೆ, ಅಂಗಡಿಯಲ್ಲಿ ಸಿಗೋದು ಒಂದು ಲೀಟರಿನ ಡಬ್ಬ. ಮುಂದಿನ ಕೆಲಸಕ್ಕೆ ಅಂತ ಮುಚ್ಚಿಟ್ಟು, ದೀಪಾವಳಿ ಹೊತ್ತಿಗೆ ಸ್ಕ್ರೂಡ್ರೈವರ್‌ನಿಂದ ಮುಚ್ಚಳ ಎಬ್ಬಿಸಿದರೆ ಮೇಲೆ ಚರ್ಮದಂಥ ಕೆನೆ, ಕೆಳಗೆ ಬೆಲ್ಲದ ಪಾಕ. ಇದಕ್ಕೆ ಮದ್ದು ಎಂದು ನಾನು ಬಳಸುತ್ತಿರುವುದು ಮೂತಿ ಇರುವ ಫಾಯಿಲ್ ಚೀಲ, ಅಂದರೆ ಸ್ಪೌಟ್ ಪೌಚ್. ಅಮೆರಿಕದಲ್ಲಿ ಇದೇ ಉಪಾಯವನ್ನು ಸ್ಟಾಪ್‌ಲಾಸ್‌ಬ್ಯಾಗ್ ಎಂಬ ಹೆಸರಿನಲ್ಲಿ ಮರಗೆಲಸದವರಿಗೆಂದೇ ಮಾರುತ್ತಾರೆ. ನಾನು ತರಿಸಿದ್ದು ಹೆಸರಿಲ್ಲದ, ಪ್ಯಾಕಿಂಗ್ ಸಾಮಾನಿನವರು ಮಾರುವ ಚೀಲ. ಕೆಲವು ಮಳೆಗಾಲ ಕಂಡ ಮೇಲೆ ಬರೆಯುತ್ತಿದ್ದೇನೆ.

ಮೊದಲು ಚೀಲ ಮಾಡುವ ಕೆಲಸ ಏನು ಅನ್ನೋದು. ಎಣ್ಣೆ ಬೆರೆತ ವಾರ್ನಿಶ್ ಬಟ್ಟೆಯ ಹಾಗೆ ಬರೀ ಆರಿ ಒಣಗುವುದಿಲ್ಲ. ಟರ್ಪೆಂಟೈನ್ ಹಾರಿಹೋದ ಮೇಲೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಒಂದಕ್ಕೊಂದು ಬೆಸೆದು ಗಟ್ಟಿಯಾಗುತ್ತೆ. ಈ ಕೆಲಸ ಬೇಗ ಆಗಲಿ ಅಂತಲೇ ಕಂಪನಿಯವರು ಕೋಬಾಲ್ಟ್, ಮ್ಯಾಂಗನೀಸ್‌ನಂಥ ಡ್ರೈಯರ್ ಬೆರೆಸಿರುತ್ತಾರೆ. ಬಾಗಿಲ ಮೇಲೆ ನಮಗೆ ಬೇಕಾದದ್ದೂ ಅದೇ, ಡಬ್ಬದೊಳಗೆ ಬೇಡವಾದದ್ದೂ ಅದೇ. ಲೀಟರ್ ಡಬ್ಬದಲ್ಲಿ ಕಾಲು ಭಾಗ ಉಳಿದರೆ ಅದರ ಮೇಲೆ 750 ಮಿಲಿ ಗಾಳಿ ಕೂತಿರುತ್ತೆ, ಅದರಲ್ಲಿ ಶೇ. 21ರಷ್ಟು ಆಮ್ಲಜನಕ. ಪ್ರತಿ ಸಲ ಮುಚ್ಚಳ ತೆಗೆದಾಗಲೂ ಹೊಸ ಗಾಳಿ ತುಂಬಿಕೊಳ್ಳುತ್ತೆ. ಕೆನೆಗಟ್ಟದಂತೆ ಬೆರೆಸಿರುವ ರಾಸಾಯನಿಕವೂ ಹಾರಿಹೋಗುವ ಜಾತಿಯದು. ಹಾಗಾಗಿ ಪದೇ ಪದೇ ತೆರೆದ ಡಬ್ಬ ಬೇಗ ಕೆಡುತ್ತೆ. ಚೀಲದ ಗೋಡೆ ಮೆತ್ತಗಿರುವುದರಿಂದ ಗಾಳಿಯನ್ನು ಹಿಂಡಿ ಹೊರಗೆ ಹಾಕಬಹುದು. ಅದರ ಗುಟ್ಟು ಇಷ್ಟೇ.

ತುಂಬುವ ರೀತಿಯಲ್ಲೇ ಅರ್ಧ ಗೆಲುವಿದೆ. ಮೂತಿಗೆ ಫನೆಲ್ ಇಟ್ಟು ಸುರಿದು, ಚೀಲವನ್ನು ಎರಡೂ ಅಂಗೈ ನಡುವೆ ಮೆಲ್ಲಗೆ ಒತ್ತುತ್ತಾ ಬರಬೇಕು. ವಾರ್ನಿಶ್ ಮೂತಿಯ ಅಂಚಿಗೆ ಬಂದು ಜೇನಿನ ಬಣ್ಣದಲ್ಲಿ ಉಬ್ಬಿ ನಿಂತ ಕ್ಷಣಕ್ಕೇ, ಒತ್ತಿದ ಕೈ ಸಡಿಲಿಸದೆ, ಮುಚ್ಚಳ ತಿರುಗಿಸಬೇಕು. ಆಮೇಲೆ ಚೀಲವನ್ನು ಕಿವಿ ಹತ್ತಿರ ಹಿಡಿದು ಅಲುಗಾಡಿಸಿ. ಗುಳುಗುಳು ಸದ್ದು ಬಂದರೆ ಒಳಗೆ ಗಾಳಿ ಉಳಿದಿದೆ, ಮತ್ತೆ ಹಿಂಡಿ. ಮೂತಿಯ ತಿರುಪಿನ ಸುತ್ತುಗಳಿಗೆ ಅಂಟಿದ ವಾರ್ನಿಶ್ ಒರೆಸದೇ ಬಿಟ್ಟರೆ ಮುಚ್ಚಳ ಅಲ್ಲೇ ಬೆಸೆದುಕೊಳ್ಳುತ್ತೆ, ಆಮೇಲೆ ಇಕ್ಕಳವೇ ಗತಿ. ನಾನು ಒರೆಸಿದ ಮೇಲೆ ಪ್ಲಂಬರ್‌ಗಳು ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಒಂದೆರಡು ಸುತ್ತು ಸುತ್ತುತ್ತೇನೆ. ಮುಚ್ಚಳ ಬೆಣ್ಣೆಯ ಹಾಗೆ ಬಿಚ್ಚುತ್ತೆ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಹೀರಿದ ಬಟ್ಟೆ ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತೆ. ಇದು ಹೆದರಿಸುವ ಮಾತಲ್ಲ, ನಿಜಕ್ಕೂ ಆಗುವಂಥದ್ದು. ಬಿಡಿಸಿ ಬಯಲಲ್ಲಿ ಹರವಿ, ಇಲ್ಲಾ ನೀರಲ್ಲಿ ಅದ್ದಿಡಿ.

ಫಲಿತಾಂಶ? ಸಿಂಗಲ್ ಪ್ಯಾಕ್ ಪಿಯು (ಒಂದೇ ಡಬ್ಬದಲ್ಲಿ ಬರುವ ಪಾಲಿಯುರೆಥೇನ್ ವಾರ್ನಿಶ್), ಸಾದಾ ವಾರ್ನಿಶ್, ಕಾಯಿಸಿದ ಅಗಸೆ ಎಣ್ಣೆ, ಟಂಗ್ ಎಣ್ಣೆ, ಇವುಗಳಿಗೆ ಕಣ್ಣುಮುಚ್ಚಿ ಪೂರ್ತಿ ಅಂಕ ಕೊಡುತ್ತೇನೆ. ವರ್ಷ ದಾಟಿದ ವಾರ್ನಿಶ್ ಕೂಡ ಸೋಸುವ ಕೆಲಸವಿಲ್ಲದೆ ನೇರ ಬ್ರಷ್‌ಗೆ ಬಂದಿದೆ. ಒಂದು ಷರತ್ತು: ಡಬ್ಬ ಒಡೆದ ದಿನವೇ ಚೀಲಕ್ಕೆ ಹಾಕಬೇಕು. ದಪ್ಪಗಾಗಲು ಶುರುವಾದದ್ದನ್ನು ತುಂಬಿದರೆ ಚೀಲ ಅದನ್ನು ಅಲ್ಲಿಗೆ ನಿಲ್ಲಿಸಬಹುದೇ ಹೊರತು ಮತ್ತೆ ತೆಳ್ಳಗೆ ಮಾಡುವುದಿಲ್ಲ.

ಮ್ಯಾಟ್ ಮತ್ತು ಸ್ಯಾಟಿನ್ ಫಿನಿಶ್‌ನಲ್ಲಿ ಒಂದು ತಕರಾರಿದೆ. ಹೊಳಪು ಕುಗ್ಗಿಸಲು ಬೆರೆಸಿದ ಸಿಲಿಕಾ ಪುಡಿ ತಳಕ್ಕೆ ಇಳಿಯುತ್ತೆ. ಡಬ್ಬವಾದರೆ ಕಡ್ಡಿ ಹಾಕಿ ಕಲಕಬಹುದು, ಚೀಲದ ಮೂತಿಯಲ್ಲಿ ಕಡ್ಡಿ ಆಡುವುದಿಲ್ಲ. ಚೀಲದ ತಳದ ಮಡಿಕೆಯನ್ನು ಬೆರಳಿನಿಂದ ಚೆನ್ನಾಗಿ ನೀವಿ, ಅಡಿಮೇಲು ಮಾಡುತ್ತಾ ಕಲಸಬೇಕು. ಸೋಮಾರಿತನ ಮಾಡಿದರೆ ಮೊದಲ ಹಲಗೆ ಫಳಫಳ, ಕೊನೆಯದು ಮಬ್ಬು. ಇದಕ್ಕೆ ನಾನು ಒಂದು ಅಂಕ ಕಳೆಯುತ್ತೇನೆ. ಇನ್ನು ಫಾಯಿಲ್ ಬೆಳಕನ್ನು ತಡೆಯುತ್ತೆ ನಿಜ, ಆದರೆ ಒಳಗೆ ಏನಿದೆ, ಎಷ್ಟಿದೆ ಕಾಣುವುದಿಲ್ಲ. ಹೆಸರು, ತೆರೆದ ತಿಂಗಳು, ಹೊಳಪೋ ಮಬ್ಬೋ ಅನ್ನೋದನ್ನು ಮಾರ್ಕರ್‌ನಲ್ಲಿ ಬರೆಯದಿದ್ದರೆ ಎಲ್ಲ ಚೀಲವೂ ಒಂದೇ.

ಉಳಿದ ಜಾತಿಯ ಪಾಲಿಶ್‌ಗಳಿಗೆ ಇದು ಬೇಡ. ಸ್ಪಿರಿಟ್‌ನಲ್ಲಿ ಅರಗು ಕರಗಿಸಿದ ಫ್ರೆಂಚ್ ಪಾಲಿಶ್ ಕೆಡುವುದು ಆಮ್ಲಜನಕದಿಂದಲ್ಲ. ಅರಗು ಸ್ಪಿರಿಟ್‌ನ ಜೊತೆಗೇ ನಿಧಾನವಾಗಿ ಪ್ರತಿಕ್ರಿಯಿಸಿ, ಆರು ತಿಂಗಳು ವರ್ಷ ಕಳೆದ ಮೇಲೆ ಹಚ್ಚಿದರೂ ಜಿಗುಟು ಬಿಡುವುದಿಲ್ಲ. ಯಾವ ಚೀಲವೂ ಇದನ್ನು ತಡೆಯದು. ಅರಗಿನ ಚಕ್ಕೆ ಇಟ್ಟುಕೊಂಡು ಬೇಕಾದಷ್ಟೇ ಕರಗಿಸಿ, ಹಳೆಯದಾದರೆ ಗಾಜಿನ ಮೇಲೆ ಒಂದು ಹನಿ ಬಿಟ್ಟು ಒಣಗುತ್ತೋ ನೋಡಿ. ಚನ್ನಪಟ್ಟಣದವರೇ ಜಾಣರು: ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಹತ್ತುತ್ತೆ, ಉಳಿದದ್ದು ಮತ್ತೆ ಕಡ್ಡಿಯಾಗಿಯೇ ಕಪಾಟಿಗೆ ಹೋಗುತ್ತೆ.

ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್‌ಗೂ ಬೇಡ. ಅದು ಗಟ್ಟಿಯಾಗುವುದು ಥಿನ್ನರ್ ಹಾರಿದ್ದಕ್ಕೆ, ಥಿನ್ನರ್ ಹಾಕಿದರೆ ಮತ್ತೆ ಕರಗುತ್ತೆ. ಹೇಗಿರುತ್ತೋ ನೋಡೋಣ ಅಂತ ಒಂದು ಹಳೆ ಚೀಲಕ್ಕೆ ತುಂಬಿ ಹೊರಗೆ ಇಟ್ಟಿದ್ದೆ. ಒಳಪದರ ಸುಕ್ಕುಗಟ್ಟಿ ಫಾಯಿಲ್‌ನಿಂದ ಎದ್ದು ಬಂತು. ಎರಡು ಡಬ್ಬದ ಪಿಯು ಮತ್ತು ಮೆಲಮೈನ್ ಪಾಲಿಶ್‌ನಲ್ಲಿ ಗಟ್ಟಿಯಾಗಿಸುವ ಹಾರ್ಡ್‌ನರ್ ಬೆರೆಸಿದ ಮೇಲೆ ದೇವರೂ ಉಳಿಸಲಾರ. ಪಿಯು ಹಾರ್ಡ್‌ನರನ್ನಂತೂ ಚೀಲಕ್ಕೆ ಹಾಕಲೇಬೇಡಿ. ಅದಕ್ಕೆ ತೇವ ಆಗದು. ಮಳೆಗಾಲದ ಗಾಳಿಯಲ್ಲಿ ತುಂಬಿದರೆ ತೇವದ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತೆ, ಚೀಲ ಉಬ್ಬಿ ಮೂತಿಯಿಂದ ಉಗುಳುತ್ತೆ.

ಬೇರೆ ಉಪಾಯಗಳೂ ಇವೆ. ಡಬ್ಬಕ್ಕೆ ಗಾಜಿನ ಗೋಲಿ ತುಂಬಿ ಮಟ್ಟ ಏರಿಸುವುದು ಕೆಲಸ ಮಾಡುತ್ತೆ, ಆಮೇಲೆ ಗೋಲಿ ತೊಳೆಯುವ ತಾಳ್ಮೆ ನನಗಿಲ್ಲ. ಬಾಯಿಂದ ಊದಿ ಮುಚ್ಚಳ ಹಾಕುವವರಿದ್ದಾರೆ. ನಮ್ಮ ಉಸಿರಿನಲ್ಲಿ ಇನ್ನೂ ಶೇ. 16ರಷ್ಟು ಆಮ್ಲಜನಕ ಇರುತ್ತೆ, ಜೊತೆಗೆ ತೇವ ಬೇರೆ. ಆರ್ಗಾನ್ ಅನಿಲ ಗಾಳಿಗಿಂತ ಸುಮಾರು 1.4 ಪಟ್ಟು ಭಾರ, ಡಬ್ಬದಲ್ಲಿ ಮೆಲ್ಲಗೆ ಬಿಟ್ಟರೆ ವಾರ್ನಿಶ್ ಮೇಲೆ ಹೊದಿಕೆಯಾಗಿ ಕೂರುತ್ತೆ. ಆರ್ಗಾನ್ ಬಳಸಿ ಟಿಗ್ ವೆಲ್ಡಿಂಗ್ ಮಾಡುವವರ ಪರಿಚಯ ಇದ್ದರೆ ಅದು ಒಳ್ಳೆಯ ದಾರಿಯೇ. ಆದರೆ ಪ್ರತಿ ಸಲ ತೆರೆದಾಗಲೂ ಮತ್ತೆ ಬಿಡಬೇಕು. ಲೈಟರ್ ಗ್ಯಾಸ್ ಬಿಡಿ ಅನ್ನುವವರ ಮಾತು ಕೇಳಬೇಡಿ, ಡಬ್ಬವೇ ಬಾಂಬ್ ಆದೀತು. ನೀರಿನ ಬಾಟಲಿ ಹಿಂಡಿ ತುಂಬುವುದು ಎಲ್ಲಕ್ಕಿಂತ ಅಗ್ಗ, ನಮ್ಮ ಆಚಾರ್ರು ಇವತ್ತಿಗೂ ಹಾಗೇ ಮಾಡುತ್ತಾರೆ. ನನ್ನ ಮಟ್ಟಿಗೆ ಅದು ಬೇಡವೇ ಬೇಡ. ಶರಬತ್ತಿನ ಬಣ್ಣದ ದ್ರವ ಇರುವ ನೀರಿನ ಬಾಟಲಿ ಮಕ್ಕಳಿರುವ ಮನೆಯಲ್ಲಿ ಇರಕೂಡದು. ಚೀಲವೂ ಜ್ಯೂಸ್ ಪ್ಯಾಕೆಟ್‌ನಂತೆಯೇ ಕಾಣುವುದರಿಂದ ನಾನು ಬೀಗದ ತಗಡಿನ ಪೆಟ್ಟಿಗೆಯಲ್ಲಿಡುತ್ತೇನೆ. ಪೆಟ್ಟಿಗೆಯಿಂದ ಇನ್ನೊಂದು ಲಾಭ: ಇಲಿ ಕಡಿಯುವುದಿಲ್ಲ, ಚೀಲ ಸೋರಿದರೂ ನೆಲ ಹಾಳಾಗುವುದಿಲ್ಲ.

ಸೋರುವ ಮಾತು ಬಂತಲ್ಲ, ಅಗ್ಗದ ಕಟ್ಟಿನಲ್ಲಿ ಮೂತಿಯ ಬುಡದ ಬೆಸುಗೆ ಸಡಿಲ ಇರುವ ಚೀಲಗಳು ಸಿಗುತ್ತವೆ. ಹೊಸ ಚೀಲಕ್ಕೆ ಮೊದಲು ಗಾಳಿ ಊದಿ ಮುಚ್ಚಿ, ಬಕೆಟ್ ನೀರಲ್ಲಿ ಒತ್ತಿ ನೋಡಿ. ಗುಳ್ಳೆ ಬಂದರೆ ಪಕ್ಕಕ್ಕಿಡಿ. ಪಾಸಾದದ್ದನ್ನು ಪೂರ್ತಿ ಒಣಗಿಸಿಯೇ ತುಂಬಿ. ಕೊಳ್ಳುವಾಗ ಲೀಟರಿನ ಚೀಲ ಬಿಟ್ಟು 500 ಮಿಲಿಯದು ಕೊಳ್ಳಿ. ಒಂದು ಲೀಟರ್ ವಾರ್ನಿಶನ್ನು ಎರಡು ಚೀಲಕ್ಕೆ ಹಂಚಿದರೆ ಒಂದನ್ನು ತೆರೆದು ಬಳಸುವಾಗ ಇನ್ನೊಂದಕ್ಕೆ ಗಾಳಿ ಸೋಕುವುದೇ ಇಲ್ಲ. ನನ್ನ ಅಂಕ 5ಕ್ಕೆ 4, ಎಣ್ಣೆ ವಾರ್ನಿಶ್ ಬಳಸುವವರಿಗೆ ಮಾತ್ರ.