ಸೋರುವ ನಳ: ವಾಷರ್ ಸಾಕಾ, ಸ್ಪಿಂಡಲ್ ಬೇಕಾ, ನಳವೇ ಹೊಸದಾ?

ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ನಳ ಬಿಟ್ಟಾಗ ಮಾತ್ರ ಹಿಡಿಯ ಬುಡದಲ್ಲಿ ಒಸರಿದರೆ ಗ್ಲ್ಯಾಂಡ್ ನಟ್ (ಹಿಡಿಯ ಕೆಳಗಿನ ನಟ್) ಕಾಲು ಸುತ್ತು ಬಿಗಿ ಮಾಡಿ, ಬಹಳ ಸಲ ಅಷ್ಟಕ್ಕೇ ನಿಲ್ಲುತ್ತದೆ. ಬಂದ್ ಮಾಡಿದರೂ ಬಾಯಿಂದ ತೊಟ್ಟಿಕ್ಕುತ್ತಿದ್ದರೆ ಒಳಗೆ ಕೈ ಹಾಕಲೇಬೇಕು.

ಮೂರ್ನಾಲ್ಕು ಸುತ್ತು ತಿರುಗುವ ಹಳೆ ಹಿತ್ತಾಳೆ ನಳಕ್ಕೆ ವಾಷರ್ ಬದಲಿಸುವುದೇ ಅಗ್ಗ. ಟ್ಯಾಂಕಿನ ವಾಲ್ವ್ ಬಂದ್ ಮಾಡಿ, ಪೈಪಿನ ನೀರು ಇಳಿಸಿ, ಸ್ಪ್ಯಾನರಿನಿಂದ ಮೇಲಿನ ಭಾಗ ಬಿಚ್ಚಿ. ಹೊಸ ವಾಷರ್ ಹಾಕುವ ಮುಂಚೆ ಒಳಗಿನ ಸೀಟಿನ, ಅಂದರೆ ವಾಷರ್ ಒತ್ತಿ ಕೂರುವ ಜಾಗದ, ಅಂಚಿಗೆ ಬೆರಳಾಡಿಸಿ. ರಾಯಚೂರು ಕಡೆ ಗಡಸು ಬೋರ್ ನೀರು ಬರುವ ಮನೆಗಳಲ್ಲಿ ಅಲ್ಲಿ ಬಿಳಿ ಸುಣ್ಣ ಕಟ್ಟಿರುತ್ತದೆ. ವಿನೆಗರ್ ಅದ್ದಿದ ಬಟ್ಟೆ ಅರ್ಧ ಗಂಟೆ ಇಟ್ಟು ಉಜ್ಜಿದರೆ ಸಡಿಲಾಗುತ್ತದೆ. ಲೋಹವೇ ಸವೆದು ಗೆರೆ ಬಿದ್ದಿದ್ದರೆ ಮಾತ್ರ ವಾಷರಿಗೆ ಖರ್ಚು ಮಾಡಬೇಡಿ, ಹೊಸದನ್ನೂ ಆ ಗೆರೆ ಕೊರೆಯುತ್ತದೆ.

ಕಾಲು ಸುತ್ತಿನ ನಳದಲ್ಲಿ ಈ ವಾಷರೇ ಇಲ್ಲ. ಸೆರಾಮಿಕ್ ಬಿಲ್ಲೆಗಳ ಸ್ಪಿಂಡಲ್ಲನ್ನೇ (ಹಿಡಿಯ ಜೊತೆ ತಿರುಗುವ ಒಳಭಾಗ) ಬದಲಿಸಬೇಕು. ಹಳೆಯದನ್ನು ಅಂಗಡಿಗೆ ಒಯ್ಯಿರಿ. ಕಂಪನಿಗೊಂದು ಅಳತೆ, ಸ್ಪಿಂಡಲ್ ತುದಿಯ ಹಲ್ಲಿನ ಎಣಿಕೆ ತಪ್ಪಿದರೆ ಹಿಡಿ ಕೂರುವುದಿಲ್ಲ.

ಸೀಟು ಸವೆದಿದ್ದರೆ, ಮೈ ಬಿರುಕು ಬಿಟ್ಟಿದ್ದರೆ ಹೊಸ ನಳವೇ ಸರಿ. ಮನೆಯಲ್ಲಿ ಸಾಮಾನ್ಯವಾಗಿ ಅರ್ಧ ಇಂಚಿನದು. ಥ್ರೆಡ್ಡಿನ ತುದಿ ನಿಮ್ಮ ಕಡೆ ಇಟ್ಟು ಟೆಫ್ಲಾನ್ ಟೇಪನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ 10–12 ಸುತ್ತು ಸುತ್ತಿ. ಉಲ್ಟಾ ಸುತ್ತಿದರೆ ಬಿಗಿಯುವಾಗಲೇ ಬಿಚ್ಚಿಕೊಳ್ಳುತ್ತದೆ. ಮಾಳಿಗೆ ಮೇಲಿನ ಬಿಸಿಲಿಗೆ ಪ್ಲಾಸ್ಟಿಕ್ ಬೇಡ, ಹಿತ್ತಾಳೆಯದೇ ಹಾಕಿಸಿ.