ಯುದ್ಧಾಧಿಕಾರದ ಕನ್ನಡ ನೋಟ್ಸ್: ಕೊಳ್ಳಬಹುದು, ಆದರೆ ಪೆನ್ನು ಕೈಯಲ್ಲಿರಲಿ

ಕಾಸರಗೋಡು ಹೊಸ ಬಸ್ ನಿಲ್ದಾಣದ ಆಸುಪಾಸಿನ ಜೆರಾಕ್ಸ್ ಅಂಗಡಿಯೊಂದರಲ್ಲಿ ತೌಲನಿಕ ಸಂವಿಧಾನದ ಸ್ಪೈರಲ್ ಕಟ್ಟೊಂದು ಸಿಗುತ್ತದೆ. 112 ಪುಟ, ಬೆಲೆ 160 ರೂಪಾಯಿ, ಬರೆದವರ ಹೆಸರಿಲ್ಲ. ಯುಪಿಎಸ್‌ಸಿ ಮೈನ್ಸ್‌ನ ಸಾಮಾನ್ಯ ಅಧ್ಯಯನ ಎರಡನೇ ಪತ್ರಿಕೆಯಲ್ಲಿ ‘ಭಾರತದ ಸಂವಿಧಾನ ವ್ಯವಸ್ಥೆಯನ್ನು ಬೇರೆ ದೇಶಗಳದರೊಂದಿಗೆ ಹೋಲಿಸುವುದು’ ಎಂಬ ಭಾಗ ಉಂಟಲ್ಲ, ಇದು ಅದಕ್ಕೆಂದೇ ಮಾಡಿದ್ದು. ಮೈನ್ಸನ್ನು ಕನ್ನಡದಲ್ಲಿ ಬರೆಯಲು ಅವಕಾಶ ಇದ್ದರೂ ಗಡಿಯ ಈಚೆ ಕನ್ನಡದ ಸಾಮಗ್ರಿ ಸಿಗುವುದು ಕಷ್ಟ. ಇಲ್ಲಿನ ಕೋಚಿಂಗ್ ಎಲ್ಲ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ನಡೆಯುತ್ತದೆ. ಬೆಂಗಳೂರು, ಧಾರವಾಡದಿಂದ ಬರುವ ಗೈಡುಗಳು ಕೆಪಿಎಸ್‌ಸಿಯನ್ನು ಗುರಿ ಇಟ್ಟವು, ಅವು ಭಾರತದ ಗಡಿ ದಾಟುವುದೇ ಇಲ್ಲ. ಹಾಗಾಗಿ ವಿದ್ಯಾನಗರ, ಮಂಜೇಶ್ವರದ ಕಾಲೇಜುಗಳ ಮಕ್ಕಳ ಕೈಯಲ್ಲಿ ಈ ಕಟ್ಟು ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಈ ವಿಮರ್ಶೆ ಇಡೀ ಕಟ್ಟಿನದ್ದಲ್ಲ, ಐದನೇ ಅಧ್ಯಾಯದ್ದು ಮಾತ್ರ. ಅಮೆರಿಕದ ಅಧ್ಯಕ್ಷ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಒಪ್ಪಿಗೆ ಇಲ್ಲದೆ ಸೇನೆ ಬಳಸಬಹುದೇ ಎಂಬ 14 ಪುಟಗಳು. ಕಟ್ಟಿನಲ್ಲಿ ಹೆಚ್ಚು ಶ್ರಮ ಬಿದ್ದಿರುವುದು ಇಲ್ಲಿಯೇ, ದೊಡ್ಡ ತಪ್ಪುಗಳು ಸೇರಿಕೊಂಡಿರುವುದೂ ಇಲ್ಲಿಯೇ.

ಆರಂಭ ಚೆನ್ನಾಗಿದೆ. ಯುದ್ಧ ಘೋಷಿಸುವುದು, ಸೇನೆ ಕಟ್ಟುವುದು, ಅದಕ್ಕೆ ಹಣ ಕೊಡುವುದು ಅಮೆರಿಕ ಸಂವಿಧಾನದ ಮೊದಲನೇ ವಿಧಿಯ 8ನೇ ಸೆಕ್ಷನ್ ಪ್ರಕಾರ ಕಾಂಗ್ರೆಸ್ಸಿನದು. ಭೂಸೇನೆಗೆ ಎರಡು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಒಮ್ಮೆಲೇ ಹಣ ಮಂಜೂರು ಮಾಡುವಂತಿಲ್ಲ ಎಂಬ ಷರತ್ತನ್ನೂ ಬಿಟ್ಟಿಲ್ಲ. ಎರಡನೇ ವಿಧಿಯ 2ನೇ ಸೆಕ್ಷನ್ ಅಧ್ಯಕ್ಷನನ್ನು ಮಹಾದಂಡನಾಯಕ ಎನ್ನುತ್ತದೆ, ಅಷ್ಟೇ. 1787ರ ಆಗಸ್ಟ್ 17ರಂದು ಫಿಲಡೆಲ್ಫಿಯಾದ ಸಂವಿಧಾನ ರಚನಾ ಸಭೆಯಲ್ಲಿ ಮ್ಯಾಡಿಸನ್ ಮತ್ತು ಗೆರಿ ಇಬ್ಬರೂ ಸೇರಿ ಕರಡಿನಲ್ಲಿ ‘ಯುದ್ಧ ಮಾಡುವ’ ಎಂದಿದ್ದುದನ್ನು ‘ಯುದ್ಧ ಘೋಷಿಸುವ’ ಎಂದು ಬದಲಿಸಲು ಹೇಳಿದ್ದು, ದಿಢೀರ್ ದಾಳಿಯನ್ನು ಹಿಮ್ಮೆಟ್ಟಿಸುವ ಅಧಿಕಾರ ಅಧ್ಯಕ್ಷನಲ್ಲಿ ಉಳಿಯಲಿ ಎಂದು, ಎಂಬುದನ್ನು ಅರ್ಧ ಪುಟದಲ್ಲಿ ಸರಿಯಾಗಿ ಬರೆದಿದ್ದಾರೆ. ಇಂದಿಗೂ ಜಗಳವೆಲ್ಲ ಆ ಸಣ್ಣ ಬಾಗಿಲು ಎಷ್ಟು ಅಗಲ ಎಂಬುದರ ಮೇಲೆಯೇ.

ಯುದ್ಧ ಘೋಷಣೆಗಳ ಪಟ್ಟಿಯೂ ಸರಿ: 1812, 1846, 1898, ಮೊದಲ ಮಹಾಯುದ್ಧ, ಎರಡನೇ ಮಹಾಯುದ್ಧ. ಐದು ಯುದ್ಧ, ಒಟ್ಟು 11 ಘೋಷಣೆ, ಕೊನೆಯವು 1942ರ ಜೂನ್‌ನಲ್ಲಿ ಬಲ್ಗೇರಿಯಾ, ಹಂಗೇರಿ, ರುಮೇನಿಯಾ ವಿರುದ್ಧ. ಪಟ್ಟಿಯ ಕೆಳಗೆ ಹನ್ನೆರಡನೆಯದಾಗಿ ‘ವಿಯೆಟ್ನಾಂ 1964’ ಎಂದು ಸೇರಿಸಿದ್ದಾರೆ. ಅದನ್ನು ಹೊಡೆದುಹಾಕಿ. 1964ರ ಆಗಸ್ಟ್‌ನ ಟೊಂಕಿನ್ ಕೊಲ್ಲಿ ನಿರ್ಣಯ ಘೋಷಣೆಯಲ್ಲ, ಸೇನೆ ಬಳಸಲು ಕೊಟ್ಟ ಅನುಮತಿ. ಕಾಂಗ್ರೆಸ್ಸಿನ ಎರಡು ಸದನಗಳಾದ ಪ್ರತಿನಿಧಿ ಸಭೆಯಲ್ಲಿ 416–0, ಸೆನೆಟ್‌ನಲ್ಲಿ 88–2 ಮತಗಳಿಂದ ಪಾಸಾಗಿ, 1971ರ ಜನವರಿಯಲ್ಲಿ ರದ್ದಾಯಿತು. 1950ರ ಕೊರಿಯಾ ಯುದ್ಧಕ್ಕೆ ಅಧ್ಯಕ್ಷ ಟ್ರೂಮನ್ ಇಂಥ ಅನುಮತಿಯನ್ನೂ ಪಡೆಯಲಿಲ್ಲ. ಪರೀಕ್ಷೆಯಲ್ಲಿ ಈ ಮೂರು ಬಗೆಗಳನ್ನು, ಅಂದರೆ ಘೋಷಣೆ, ಅನುಮತಿ ಮತ್ತು ಎರಡೂ ಇಲ್ಲದ್ದನ್ನು, ಬೇರೆ ಬೇರೆ ಇಡದಿದ್ದರೆ ಉತ್ತರ ಮೊದಲ ಪ್ಯಾರಾದಲ್ಲೇ ಮುಗ್ಗರಿಸುತ್ತದೆ.

ಈಗ ನಿಜವಾದ ತೊಂದರೆಗೆ ಬರೋಣ. ಆ ಅಧ್ಯಾಯದ ಏಳನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹೀಗಿದೆ: ಅಧ್ಯಕ್ಷ 60 ದಿನ ಯಾರ ಅನುಮತಿಯೂ ಇಲ್ಲದೆ ಯುದ್ಧ ಮಾಡಬಹುದು, 61ನೇ ದಿನ ಸೇನೆ ವಾಪಸು ಬರಲೇಬೇಕು. ಈ ವಾಕ್ಯದ ಎರಡು ತುಂಡುಗಳೂ ತಪ್ಪು.

ಅಧ್ಯಕ್ಷ ನಿಕ್ಸನ್ ಅವರ ವೀಟೊವನ್ನು (ಮಸೂದೆಗೆ ಒಡ್ಡಿದ ತಡೆಯನ್ನು) ಮೀರಿ 1973ರ ನವೆಂಬರ್ 7ರಂದು ಕಾನೂನಾದ ವಾರ್ ಪವರ್ಸ್ ರೆಸಲ್ಯೂಷನ್ (ಯುದ್ಧಾಧಿಕಾರ ನಿರ್ಣಯ) ಅಧ್ಯಕ್ಷನಿಗೆ 60 ದಿನಗಳ ಬಳುವಳಿ ಕೊಡುವುದಿಲ್ಲ. ಅದರ 2(ಸಿ) ಸೆಕ್ಷನ್ ಮೂರೇ ಸಂದರ್ಭ ಹೇಳುತ್ತದೆ: ಯುದ್ಧ ಘೋಷಣೆ, ನಿರ್ದಿಷ್ಟ ಶಾಸನದ ಅನುಮತಿ, ಇಲ್ಲವೇ ಅಮೆರಿಕದ ನೆಲ ಅಥವಾ ಅದರ ಸೇನೆಯ ಮೇಲೆ ದಾಳಿಯಾಗಿ ಉಂಟಾದ ತುರ್ತು. 5(ಬಿ) ಸೆಕ್ಷನ್ ಹೇಳುವ 60 ದಿನ ಎಂಬುದು ಹೊರಗಿನ ಮಿತಿ. ಅದನ್ನೇ ಅನುಮತಿ ಎಂದು ಬರೆದರೆ ಕಾನೂನು ತಲೆಕೆಳಗಾಯಿತು. ಶ್ವೇತಭವನದ ವಕೀಲರು ವಾದಿಸಲು ಇಷ್ಟಪಡುವುದು ಹಾಗೆಯೇ, ಅದು ಬೇರೆ ಮಾತು.

ಎರಡನೆಯದು ಎಣಿಕೆ. ಗಡಿಯಾರ ತಿರುಗಲು ಶುರುವಾಗುವುದು ಮೊದಲ ಬಾಂಬು ಬಿದ್ದ ದಿನದಿಂದಲ್ಲ. ಕಾಳಗಕ್ಕೆ ಸೇನೆ ಇಳಿಸಿದ 48 ಗಂಟೆಯೊಳಗೆ 4(ಎ)(1) ಸೆಕ್ಷನ್ ಪ್ರಕಾರ ವರದಿ ಕೊಡಬೇಕು. ಆ ವರದಿ ಕೊಟ್ಟ ಅಥವಾ ಕೊಡಬೇಕಾಗಿದ್ದ ದಿನದಿಂದ, ಇವೆರಡರಲ್ಲಿ ಯಾವುದು ಮೊದಲೋ ಅದರಿಂದ, 60 ದಿನ. ಸೈನಿಕರ ಸುರಕ್ಷತೆಗಾಗಿ ವಾಪಸಾತಿಗೆ ಸಮಯ ಬೇಕೇ ಬೇಕು ಎಂದು ಅಧ್ಯಕ್ಷ ಲಿಖಿತವಾಗಿ ದೃಢಪಡಿಸಿದರೆ ಮಾತ್ರ ಮತ್ತೆ 30 ದಿನ. ಹಾಗಾಗಿ ಕಾರ್ಯಾಚರಣೆಯ ಮೊದಲ ದಿನದಿಂದ ಎಣಿಸಿದರೆ ಸುಮಾರು 62, ಹೆಚ್ಚೆಂದರೆ 92 ದಿನ. ಕಟ್ಟಿನ ಕೋಷ್ಟಕದಲ್ಲಿ ‘60 + 30 = 90, ಯುದ್ಧದ ಮೊದಲ ದಿನದಿಂದ’ ಎಂದಿರುವುದನ್ನು ತಿದ್ದಿಕೊಳ್ಳಿ.

ಇದನ್ನು ಲಿಬಿಯಾದ ಮೇಲೆ ಇಟ್ಟು ನೋಡಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಅಲ್ಲಿ ಅಮೆರಿಕ ಮತ್ತು ಅದರ ಮಿತ್ರರ ದಾಳಿ ಶುರುವಾದದ್ದು 2011ರ ಮಾರ್ಚ್ 19. ಅಧ್ಯಕ್ಷ ಒಬಾಮ ಕಾಂಗ್ರೆಸ್ಸಿಗೆ ವರದಿಯ ಪತ್ರ ಬರೆದದ್ದು ಮಾರ್ಚ್ 21. ಮಾರ್ಚ್‌ನಲ್ಲಿ ಉಳಿದ 10, ಏಪ್ರಿಲ್‌ನ 30, ಮೇ ತಿಂಗಳ 20 ಸೇರಿದರೆ ಮೇ 20ಕ್ಕೆ ಅವಧಿ ಮುಗಿಯಿತು. ಸೇನೆ ವಾಪಸು ಬಂತೇ? ಇಲ್ಲ. ನ್ಯಾಟೋ ಕಾರ್ಯಾಚರಣೆ ಮುಗಿದದ್ದು ಅಕ್ಟೋಬರ್ 31ಕ್ಕೆ. ನೆಲದ ಮೇಲೆ ಅಮೆರಿಕದ ಪಡೆ ಇಲ್ಲ, ಗುಂಡಿನ ಚಕಮಕಿ ನಿರಂತರವಾಗಿಲ್ಲ, ತಮ್ಮ ಸೈನಿಕರಿಗೆ ಅಪಾಯ ಕಡಿಮೆ, ಹಾಗಾಗಿ ಕಾನೂನು ಹೇಳುವ ‘ಹಾಸ್ಟಿಲಿಟೀಸ್’ (ಕಾಳಗ) ಇದಲ್ಲ ಎಂದು ಆಡಳಿತ ವಾದಿಸಿತು. ಆ ಪದವನ್ನು 1973ರ ಕಾನೂನು ಎಲ್ಲೂ ವ್ಯಾಖ್ಯಾನಿಸಿಲ್ಲ. ಕಾನೂನಿನ ಕೀಲು ಸಡಿಲವಾಗಿರುವ ಮೊದಲ ಜಾಗ ಇದು. ನೋಟ್ಸಿನಲ್ಲಿ ಲಿಬಿಯಾಕ್ಕೆ ಒಂದೇ ಸಾಲು, ಅದೂ ‘ಮಾನವೀಯ ಹಸ್ತಕ್ಷೇಪ’ ಎಂಬ ತಲೆಬರಹದ ಕೆಳಗೆ.

ಎರಡನೇ ಸಡಿಲ ಜಾಗದ ಸುದ್ದಿಯೇ ಕಟ್ಟಿನಲ್ಲಿಲ್ಲ. 4(ಎ) ಸೆಕ್ಷನ್‌ನಲ್ಲಿ ಮೂರು ಉಪವಿಭಾಗ ಉಂಟು. ಗಡಿಯಾರಕ್ಕೆ ಕೀಲಿ ಕೊಡುವುದು (1) ಮಾತ್ರ. ಯುದ್ಧಸಜ್ಜಿತ ಪಡೆ ಬೇರೆ ದೇಶಕ್ಕೆ ಹೋಗುವುದು (2), ಅಲ್ಲಿ ಈಗಾಗಲೇ ಇರುವ ಪಡೆ ಗಣನೀಯವಾಗಿ ಹೆಚ್ಚುವುದು (3). ಇವೆರಡಕ್ಕೆ ವರದಿ ಬೇಕು, ಗಡಿಯಾರವಿಲ್ಲ. ಆದ್ದರಿಂದ ಅಧ್ಯಕ್ಷರು ಯಾವ ಉಪವಿಭಾಗ ಎಂದು ಹೇಳದೆ, ಕಾನೂನಿಗೆ ‘ಅನುಸಾರವಾಗಿ’ ಎನ್ನದೆ ಅದರೊಂದಿಗೆ ‘ಹೊಂದಿಕೊಳ್ಳುವಂತೆ’ ವರದಿ ಕೊಡುತ್ತಿದ್ದೇನೆ ಎಂದು ಬರೆಯುವ ರೂಢಿ ಬಂತು. 4(ಎ)(1) ಎಂದು ಹೆಸರಿಸಿದ್ದು ಫೋರ್ಡ್ ಒಬ್ಬರೇ, ಕಾಂಬೋಡಿಯ ಹಿಡಿದಿಟ್ಟ ಅಮೆರಿಕದ ಮಾಯಾಗ್ವೆಸ್ ಹಡಗಿನ 1975ರ ಪ್ರಕರಣದಲ್ಲಿ. ಆ ವರದಿ ತಲುಪುವಾಗ ಕಾರ್ಯಾಚರಣೆ ಮುಗಿದೇ ಹೋಗಿತ್ತು.

ಒಂಬತ್ತನೇ ಪುಟದಲ್ಲಿ, ಎರಡೂ ಸದನಗಳು ಸಹಮತ ನಿರ್ಣಯ ಪಾಸು ಮಾಡಿದರೆ ಅಧ್ಯಕ್ಷನ ಸಹಿ ಇಲ್ಲದೆಯೇ ಸೇನೆಯನ್ನು ವಾಪಸು ಕರೆಸಬಹುದು ಎಂದಿದೆ. 5(ಸಿ) ಸೆಕ್ಷನ್‌ನಲ್ಲಿ ಹಾಗೆ ಬರೆದಿರುವುದು ಹೌದು. ಆದರೆ 1983ರಲ್ಲಿ ಐಎನ್‌ಎಸ್ (ಅಮೆರಿಕದ ವಲಸೆ ಇಲಾಖೆ) ವಿರುದ್ಧ ಚಾಢಾ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇಂಥ ಶಾಸಕಾಂಗದ ವೀಟೊ ನಡೆಯುವುದಿಲ್ಲ ಎಂದಮೇಲೆ ಈ ಆಯುಧಕ್ಕೆ ಮೊನೆ ಉಳಿದಿಲ್ಲ. ಈಗ ಬಳಕೆಯಲ್ಲಿರುವುದು ಜಂಟಿ ನಿರ್ಣಯ. ಅದು ಅಧ್ಯಕ್ಷನ ಮೇಜಿಗೆ ಹೋಗುತ್ತದೆ, ಆತ ವೀಟೊ ಮಾಡುತ್ತಾನೆ, ಅದನ್ನು ಮೀರಲು ಎರಡೂ ಸದನಗಳಲ್ಲಿ ಮೂರನೇ ಎರಡು ಮತ ಬೇಕು. ಯೆಮನ್ ಯುದ್ಧದಲ್ಲಿ ಅಮೆರಿಕದ ಪಾಲು ನಿಲ್ಲಿಸುವ ನಿರ್ಣಯಕ್ಕೆ 2019ರ ಏಪ್ರಿಲ್ 16ರಂದು ಟ್ರಂಪ್ ವೀಟೊ ಹಾಕಿದರು, ಸೆನೆಟ್‌ನಲ್ಲಿ ಮರುಮತ 53–45. ಇರಾನಿನ ಸೇನಾಧಿಕಾರಿ ಸೊಲೆಮಾನಿಯನ್ನು ಅಮೆರಿಕ ಕೊಂದ ನಂತರ ಬಂದ ಇರಾನ್ ನಿರ್ಣಯಕ್ಕೆ 2020ರ ಮೇ 6ರಂದು ವೀಟೊ, ಮರುಮತ 49–44. ಎರಡೂ ಬಾರಿ ಬಹುಮತ ಇತ್ತು, ಸಾಕಾಗಲಿಲ್ಲ. ಯುದ್ಧ ಶುರು ಮಾಡಲು ಬಹುಮತ ಬೇಕೆಂದು 1787ರಲ್ಲಿ ಬರೆದದ್ದು, ನಿಲ್ಲಿಸಲು ಮೂರನೇ ಎರಡು ಬೇಕು ಎಂಬಲ್ಲಿಗೆ ಬಂದು ಮುಟ್ಟಿದೆ. ಒಂದೇ ಒಂದು ವಿಶ್ಲೇಷಣೆಯ ವಾಕ್ಯ ಬರೆಯಲು ಜಾಗ ಇದ್ದರೆ ಇದನ್ನು ಬರೆಯಿರಿ.

ಹಣ ತಡೆದು ಅಧ್ಯಕ್ಷನನ್ನು ಕಟ್ಟಿಹಾಕುವ ಕಾಂಗ್ರೆಸ್ಸಿನ ಹಗ್ಗದ ಬಗ್ಗೆ ಎರಡು ಪುಟ ಇವೆ, ಓದಿಸಿಕೊಂಡು ಹೋಗುತ್ತವೆ. ಯುಗೊಸ್ಲಾವಿಯದ ಮೇಲೆ ನ್ಯಾಟೋ ಬಾಂಬು ಹಾಕಿದ ಕೊಸೊವೊ ಯುದ್ಧದ ಉದಾಹರಣೆಯನ್ನು ನೀವೇ ಅಂಚಿನಲ್ಲಿ ಸೇರಿಸಿಕೊಳ್ಳಿ. 1999ರ ಏಪ್ರಿಲ್ 28ರ ಒಂದೇ ದಿನ ಪ್ರತಿನಿಧಿ ಸಭೆ ಯುದ್ಧ ಘೋಷಣೆಯನ್ನು 2–427ರಿಂದ ತಳ್ಳಿತು, ಪಡೆ ವಾಪಸು ಕರೆಸುವುದನ್ನು 139–290ರಿಂದ ತಳ್ಳಿತು, ವಾಯುದಾಳಿಗೆ ಒಪ್ಪಿಗೆ ಕೊಡುವ ನಿರ್ಣಯ 213–213 ಸಮಬಲದಲ್ಲಿ ಬಿದ್ದುಹೋಯಿತು. ಮುಂದಿನ ತಿಂಗಳು ಅದೇ ಕಾಂಗ್ರೆಸ್ಸು ಹಣ ಕೊಟ್ಟಿತು. ಹಣ ಕೊಟ್ಟದ್ದನ್ನೇ ಅನುಮತಿ ಎಂದು ತಿಳಿಯಬೇಡಿ ಎಂದು 1973ರ ಕಾನೂನಿನ 8(ಎ) ಸೆಕ್ಷನ್ ಸ್ಪಷ್ಟವಾಗಿ ಹೇಳಿದರೂ ಕ್ಲಿಂಟನ್ ಆಡಳಿತದ ವಕೀಲರು ಅದು ಅನುಮತಿಯೇ ಎಂದು ವಾದಿಸಿದರು. ಬಾಂಬು ದಾಳಿ 78 ದಿನ ನಡೆಯಿತು.

ನ್ಯಾಯಾಲಯಗಳ ಭಾಗ ಪೇಲವ. 1952ರ ಯಂಗ್ಸ್‌ಟೌನ್ ತೀರ್ಪನ್ನು ಯುದ್ಧದ ತೀರ್ಪು ಎಂಬಂತೆ ಕೊಟ್ಟಿದ್ದಾರೆ. ಅದು ಕೊರಿಯಾ ಯುದ್ಧದ ಕಾಲದಲ್ಲಿ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡದ್ದರ ಬಗ್ಗೆ. ಬೇಕಾದದ್ದು ನ್ಯಾಯಮೂರ್ತಿ ಜಾಕ್ಸನ್ ಅವರ ಮೂರು ಮೆಟ್ಟಿಲು: ಕಾಂಗ್ರೆಸ್ಸು ಒಪ್ಪಿದಾಗ ಅಧ್ಯಕ್ಷನ ಬಲ ಗರಿಷ್ಠ, ಸುಮ್ಮನಿದ್ದಾಗ ಮಬ್ಬು, ವಿರೋಧಿಸಿದಾಗ ಕನಿಷ್ಠ. ಸಂಸದರೇ ಹೂಡಿದ ಮೊಕದ್ದಮೆಗಳು, ಉದಾಹರಣೆಗೆ 2000ದ ಕ್ಯಾಂಪ್‌ಬೆಲ್ ವಿರುದ್ಧ ಕ್ಲಿಂಟನ್, ಹೊಸ್ತಿಲಲ್ಲೇ ಬಿದ್ದುಹೋಗಿವೆ ಎಂಬ ಒಂದು ಸಾಲು ಸಾಕು.

ಅಧ್ಯಾಯ 2017ರ ಏಪ್ರಿಲ್‌ನಲ್ಲಿ ಸಿರಿಯಾದ ಶಾಯ್ರಾತ್ ವಾಯುನೆಲೆಗೆ ಹಾರಿಸಿದ 59 ಟೊಮಾಹಾಕ್ ಕ್ಷಿಪಣಿಗಳಿಗೆ ನಿಲ್ಲುತ್ತದೆ. ಅದನ್ನು 2001ರ ಅನುಮತಿ ಕಾನೂನಿನ ಖಾತೆಗೆ ಹಾಕಿರುವುದು ತಪ್ಪು. ಸೆಪ್ಟೆಂಬರ್ 11ರ ದಾಳಿಕೋರರು ಮತ್ತು ಅವರಿಗೆ ಆಶ್ರಯ ಕೊಟ್ಟವರ ಮೇಲೆ ಕ್ರಮಕ್ಕಾಗಿ ಇದ್ದ ಆ ಕಾನೂನಿಗೂ (ಪ್ರತಿನಿಧಿ ಸಭೆಯಲ್ಲಿ 420–1, ಆ ಒಂದು ಮತ ಬಾರ್ಬರಾ ಲೀ ಅವರದು) ಅಸಾದ್ ಸರ್ಕಾರದ ವಾಯುನೆಲೆಗೂ ಸಂಬಂಧವಿಲ್ಲ. ಸಮರ್ಥನೆ ಬಂದದ್ದು ನೇರ ಎರಡನೇ ವಿಧಿಯಿಂದ. ನ್ಯಾಯ ಇಲಾಖೆಯ ಕಾನೂನು ಸಲಹಾ ಕಚೇರಿ ಎರಡು ಪ್ರಶ್ನೆಗಳ ಅಳತೆಗೋಲು ಇಟ್ಟುಕೊಂಡಿದೆ: ಮುಖ್ಯವಾದ ರಾಷ್ಟ್ರೀಯ ಹಿತ ಇದೆಯೇ, ಮತ್ತು ಕಾರ್ಯಾಚರಣೆಯ ಸ್ವರೂಪ, ವ್ಯಾಪ್ತಿ, ಅವಧಿ ಸಂವಿಧಾನ ಹೇಳುವ ‘ಯುದ್ಧ’ದ ಮಟ್ಟಕ್ಕೆ ಏರದೆ ಉಳಿಯುತ್ತದೆಯೇ. ಎರಡನ್ನೂ ಅಳೆಯುವವರು ಅಧ್ಯಕ್ಷನ ಕೆಳಗಿನ ವಕೀಲರೇ. 2025ರ ಜೂನ್‌ನಲ್ಲಿ ಇರಾನಿನ ಫೋರ್ಡೊ, ನತಾಂಜ್, ಇಸ್ಫಹಾನ್ ಮೇಲೆ ದಾಳಿ ನಡೆದದ್ದೂ ಕಾಂಗ್ರೆಸ್ಸಿನ ಪೂರ್ವಾನುಮತಿ ಇಲ್ಲದೆ. ಅದರ ನಂತರ ಬಂದ ನಿರ್ಣಯ ಸೆನೆಟ್‌ನಲ್ಲಿ 47–53ರಿಂದ ಸೋತಿತು. ಇದನ್ನು ಹಿಂದಿನ ಖಾಲಿ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ಭಾರತದ ಹೋಲಿಕೆಗೆ ಒಂದೂವರೆ ಪುಟ, ಮಾರ್ಕು ಹೋಗುವುದು ಇಲ್ಲಿ. ‘ಸಂಸತ್ತಿನ ಅನುಮೋದನೆ ಪಡೆದ ನಂತರ ರಾಷ್ಟ್ರಪತಿ ಯುದ್ಧ ಘೋಷಿಸುತ್ತಾರೆ’ ಎಂದಿದೆ. ನಮ್ಮ ಸಂವಿಧಾನದಲ್ಲಿ ಅಂಥ ಪೂರ್ವಾನುಮತಿಯ ಷರತ್ತು ಇಲ್ಲ. 53(2)ನೇ ವಿಧಿ ರಕ್ಷಣಾ ಪಡೆಗಳ ಪರಮಾಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟು, ಅದರ ಚಲಾವಣೆಯನ್ನು ಕಾನೂನಿಗೆ ಒಪ್ಪಿಸುತ್ತದೆ. 74ನೇ ವಿಧಿಯಂತೆ ನಿರ್ಧಾರ ಮಂತ್ರಿಮಂಡಲದ್ದು. ಯುದ್ಧ ಮತ್ತು ಶಾಂತಿ ಕೇಂದ್ರ ಪಟ್ಟಿಯ 15ನೇ ನಮೂದು. ಬರೆದವರು ಇದನ್ನು 352ನೇ ವಿಧಿಯೊಂದಿಗೆ ಕಲಸಿಕೊಂಡಿದ್ದಾರೆ. ಅಲ್ಲಿ ಸಂಸತ್ತಿನ ಒಪ್ಪಿಗೆ ಬೇಕಿರುವುದು ತುರ್ತುಪರಿಸ್ಥಿತಿಗೆ: ಸಂಪುಟದ ಲಿಖಿತ ಸಲಹೆ, ಒಂದು ತಿಂಗಳೊಳಗೆ ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಬಹುಮತ ಹಾಗೂ ಹಾಜರಿದ್ದು ಮತ ಹಾಕಿದವರ ಮೂರನೇ ಎರಡು, ಆಮೇಲೆ ಆರಾರು ತಿಂಗಳಿಗೆ ಮುಂದುವರಿಕೆ. 1987ರಲ್ಲಿ ಶ್ರೀಲಂಕಾಕ್ಕೆ ಶಾಂತಿಪಾಲನಾ ಪಡೆ ಹೋದದ್ದು ಕಾರ್ಯಾಂಗದ ನಿರ್ಧಾರದಿಂದ. ನಮ್ಮಲ್ಲಿ ಹಿಡಿತ ಇರುವುದು ಬೇರೆ ಕಡೆ: ಸರ್ಕಾರ ಲೋಕಸಭೆಯ ವಿಶ್ವಾಸ ಕಳೆದುಕೊಂಡರೆ ಬಿದ್ದುಹೋಗುತ್ತದೆ. ಅಮೆರಿಕದ ಅಧ್ಯಕ್ಷ ಹಾಗೆ ಬೀಳುವುದಿಲ್ಲ, ಅದಕ್ಕೇ ಅಲ್ಲಿ ಗಡಿಯಾರ ಬೇಕಾಯಿತು.

15 ಅಂಕದ ಪ್ರಶ್ನೆಗೆ 250 ಪದ. ಕಟ್ಟಿನ ಮಾದರಿ ಉತ್ತರದಲ್ಲಿ ಇತಿಹಾಸಕ್ಕೇ 150 ಹೋಗಿದೆ. ಸಂವಿಧಾನದ ಪಠ್ಯಕ್ಕೆ 40, 1973ರ ಕಾನೂನಿಗೆ 60, ಲಿಬಿಯಾ ಮತ್ತು ಒಂದು ವೀಟೊಗೆ 70, ಭಾರತಕ್ಕೆ 80 ಎಂದು ಹಂಚಿಕೊಂಡರೆ ಕೈ ಓಡುತ್ತದೆ. 10 ಅಂಕದ್ದಾದರೆ ಸಂವಿಧಾನದ ಪಠ್ಯವನ್ನು ಒಂದೇ ವಾಕ್ಯಕ್ಕೆ ಇಳಿಸಿ.

ಮುದ್ರಣದ ಬಗ್ಗೆ: ಮೂಲ ಪ್ರತಿಯಲ್ಲ, ಜೆರಾಕ್ಸಿನ ಜೆರಾಕ್ಸು. ಕೋಷ್ಟಕದಲ್ಲಿ 48 ಎಂಬುದು 43ರ ಹಾಗೆ ಕಾಣುತ್ತದೆ, 5(ಬಿ) ಮತ್ತು 5(ಸಿ) ಒಂದೇ ರೀತಿ ಕಾಣುತ್ತವೆ. ಕೊಳ್ಳುವ ಮುಂಚೆ ಏಳನೇ, ಒಂಬತ್ತನೇ ಪುಟ ತೆರೆದು ನೋಡಿ, ಮಸಿ ತೆಳುವಾಗಿದ್ದರೆ ಬೇರೆ ಪ್ರತಿ ಕೇಳಿ. 70 ಜಿಎಸ್‌ಎಂ ಹಾಳೆ, ಜೆಲ್ ಪೆನ್ನಿನಲ್ಲಿ ತಿದ್ದಿದರೆ ಹಿಂದಕ್ಕೆ ಇಳಿಯುತ್ತದೆ, ಬಾಲ್ ಪೆನ್ನು ವಾಸಿ. ಐದನೇ ಅಧ್ಯಾಯ ಮಾತ್ರ ಸಾಕು ಎನ್ನುವವರಿಗೆ ಅಂಗಡಿಯವರು 14 ಪುಟವನ್ನು ಬಿಡಿಯಾಗಿ ತೆಗೆದು ಪಿನ್ನು ಹೊಡೆದು ಕೊಡುತ್ತಾರೆ. ಆಗ 30 ರೂಪಾಯಿಯೊಳಗೆ ಮುಗಿಯುತ್ತದೆ, ಒಂದೇ ಬದಿಯಲ್ಲಿ ಮಾಡಿಸಿಕೊಂಡರೆ ಎದುರಿನ ಖಾಲಿ ಬದಿ ತಿದ್ದುಪಡಿಗೆ ಸಿಗುತ್ತದೆ.