ಕೆಲ್ಸ ಎರಡೂಕಾಲು ಗಂಟೆ, ಗಾಡಿ ಸಿಕ್ಕಿದ್ದು ಸಂಜೆ

ಮೊನ್ನೆ ನಮ್ ಕಾರಿಗೆ 30,000 ಕಿಲೋಮೀಟರ್ ಸರ್ವಿಸ್ ಮಾಡಿಸ್ದೆ, ಮೈಸೂರಲ್ಲೇ ಒಂದು ಆಥರೈಸ್ಡ್ ಸರ್ವಿಸ್ ಸೆಂಟರಲ್ಲಿ, ಹೆಸರು ಬೇಡ ಬಿಡಿ. 1.2 ಲೀಟರ್ ಪೆಟ್ರೋಲ್ ಗಾಡಿ, ರಿಪೇರಿ ಅಂತ ಏನೂ ಇರ್ಲಿಲ್ಲ. ಬೆಳಗ್ಗೆ 9ಕ್ಕೆ ಸ್ಲಾಟ್ ಕೊಟ್ಟಿದ್ರು, ಕೀ ಕೈಗೆ ಬಂದಿದ್ದು ಸಂಜೆ ಐದೂಮುಕ್ಕಾಲಿಗೆ.

ಅಷ್ಟೊತ್ತು ಕೆಲ್ಸ ನಡೀತಿತ್ತಾ ಅಂದ್ರೆ ಎಲ್ಲಿ ಬಂತು. ವೇಟಿಂಗ್ ರೂಮಿನ ಗಾಜಲ್ಲಿ ಎಲ್ಲಾ ಕಾಣ್ತಿತ್ತು. ಜಾಬ್ ಕಾರ್ಡ್ (ಏನೇನು ಕೆಲ್ಸ ಮಾಡ್ಬೇಕು ಅಂತ ಬರೆಯೋ ಚೀಟಿ) ಬರೆಯೋಕೇ ಅರ್ಧ ಗಂಟೆ, ಆಮೇಲೆ ಹನ್ನೊಂದೂವರೆ ತನಕ ಗಾಡಿ ಬಿಸಿಲಲ್ಲಿ ನಿಂತೇ ಇತ್ತು. ಲಿಫ್ಟ್ ಏರಿದ್ಮೇಲೆ ಮಾತ್ರ ಮೆಕ್ಯಾನಿಕ್ ಹುಡುಗನ ಕೈಗೆ ಹ್ಯಾಟ್ಸಾಫ್, ಡ್ರೈನ್ ನಟ್ ಬಿಚ್ಚಿ ಹಳೇ ಆಯಿಲ್ ಪೂರ್ತಿ ಇಳಿಯೋಕೆ ಬಿಟ್ಟ, ಕಾಫಿ ಡಿಕಾಕ್ಷನ್ ತರ ಕಪ್ಪಗಿತ್ತು, ಫಿಲ್ಟರ್ ಬದಲಾಯಿಸಿ ನಟ್ಟಿಗೆ ಹೊಸ ವಾಷರ್ ಹಾಕಿ ಮೂರು ಚಿಲ್ರೆ ಲೀಟರ್ ಹೊಸ ಆಯಿಲ್ ಹುಯ್ದು, ಮಟ್ಟ ನೋಡೋ ಕಡ್ಡಿ ಇರುತ್ತಲ್ಲ ಡಿಪ್‌ಸ್ಟಿಕ್, ಅದನ್ನ ಒರೆಸಿ ಒರೆಸಿ ಎರಡು ಸಲ ನೋಡ್ದ. ಚಕ್ರ ಬಿಚ್ಚಿ ಬ್ರೇಕ್ ಪ್ಯಾಡ್ ನೋಡಿ, ಹಿಂದಿನ ಡ್ರಮ್ಮಲ್ಲಿದ್ದ ಧೂಳು ತೆಗೆದು, ಕೂಲೆಂಟ್, ಬ್ರೇಕ್ ಆಯಿಲ್ ಚೆಕ್ ಮಾಡಿ ಒಂದೂವರೆ ಗಂಟೇಲಿ ಮುಗಿಸ್ದ. ಚಕ್ರದ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮುಕ್ಕಾಲು ಗಂಟೆ. ಮಿಕ್ಕಿದ್ದೆಲ್ಲಾ ವಾಷಿಂಗ್ ಕ್ಯೂ, ಬಿಲ್ಲಿಂಗ್ ಕ್ಯೂ.

ಮಧ್ಯದಲ್ಲಿ ಅಡ್ವೈಸರ್ ಮೂರು ಸಲ ಬಂದ್ರು. ಇಂಜಿನ್ ಫ್ಲಶ್ (ಇಂಜಿನ್ ಒಳಗೆ ತೊಳೆಯೋದು) ಮಾಡಿಸ್ಬಿಡಿ ಸಾರ್, ಪಿಕಪ್ ಚೆನ್ನಾಗ್ ಬರುತ್ತೆ, ಅಂಡರ್‌ಬಾಡಿ ಕೋಟಿಂಗ್ (ಗಾಡಿ ತಳಕ್ಕೆ ತುಕ್ಕು ಹಿಡೀದಂಗೆ ಬಳಿಯೋದು) ಆಫರ್ ಇದೆ ಸಾರ್... ಮ್ಯಾನ್ಯುಯಲ್ಲಲ್ಲಿ ಎಲ್ಲಿದೆ ತೋರಿಸಿ ಅಂದೆ, ಸುಮ್ನಾದ್ರು. ಗ್ಲವ್ ಬಾಕ್ಸಲ್ಲಿ ಕವರ್ ಕೂಡ ತೆಗೀದೆ ಬಿದ್ದಿರುತ್ತಲ್ಲ ಆ ಪುಸ್ತಕ, ಎಷ್ಟು ಕಿಲೋಮೀಟರ್‌ಗೆ ಏನು ಬದಲಾಯಿಸ್ಬೇಕು ಅಂತ ಅದ್ರಲ್ಲೇ ಟೇಬಲ್ ಇದೆ, ಹೋಗೋ ಮುಂಚೆ ಒಂದು ಫೋಟೋ ಹೊಡ್ಕೊಳಿ. ನಮ್ದಕ್ಕೆ ಸರ್ವಿಸ್ 10,000 ಕಿಲೋಮೀಟರ್‌ಗೆ ಇಲ್ಲಾ ಒಂದು ವರ್ಷಕ್ಕೆ, ಯಾವ್ದು ಮೊದ್ಲೋ ಅದು (ಗಾಡಿ ಓಡೇ ಇಲ್ವಲ್ಲೋ ಅಂತ ನಮ್ಮಪ್ಪ ಈಗ್ಲೂ ವಾದ ಮಾಡ್ತಾರೆ). ಇನ್ನೊಂದು, ಫ್ರೀ ಸರ್ವಿಸ್ ಅಂದ್ರೆ ಲೇಬರ್ ಮಾತ್ರ ಫ್ರೀ, ಆಯಿಲ್, ಫಿಲ್ಟರ್ ದುಡ್ಡು ಕೊಡ್ಲೇಬೇಕು.

ಈಗ ಅಸಲಿ ವಿಷ್ಯ. ಬಿಲ್ಲಲ್ಲಿ ಎಸಿ ಫಿಲ್ಟರ್ ಹೊಸದು ಅಂತ ಇತ್ತು, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಮನೆಗೆ ಬಂದು ಯಾಕೋ ಡೌಟ್ ಬಂದು ಗ್ಲವ್ ಬಾಕ್ಸ್ ಬಿಚ್ಚಿ (ನಮ್ ಗಾಡೀಲಿ ಎಸಿ ಫಿಲ್ಟರ್ ಅದ್ರ ಹಿಂದೇನೇ ಇರೋದು) ನೋಡಿದ್ರೆ ಅದೇ ಹಳೇ ಫಿಲ್ಟರ್, ಮಡಿಕೆ ಮಡಿಕೆಗೂ ಒಣಗಿದ ಹೊಂಗೆ ಹೂವು ಸಿಕ್ಕಾಕೊಂಡಿದೆ. ನಮ್ಮನೆ ಮುಂದಿನ ಮರದ್ದೇ! ಫೋಟೋ ವಾಟ್ಸಾಪ್ ಮಾಡ್ದೆ. ಮಾರನೇ ದಿನ ಒಬ್ಬ ಹುಡುಗನ ಕೈಲಿ ಹೊಸದು ಕಳ್ಸಿದ್ರು, ಗೇಟ್ ಹತ್ರ ನಿಂತ್ಕೊಂಡೇ ಎರಡು ನಿಮಿಷದಲ್ಲಿ ಹಾಕಿ ಹೋದ.

ಮೆಕ್ಯಾನಿಕ್‌ಗೆ ಐದು ಸ್ಟಾರ್, ಬಿಲ್ಲಿಂಗ್‌ಗೆ ಒಂದು. ಮುಂದಿನ ಸಲ ತೆಗೆದ ಹಳೇ ಪಾರ್ಟ್ಸೆಲ್ಲಾ ಡಿಕ್ಕೀಲಿ ಇಡಿ ಅಂತ ಜಾಬ್ ಕಾರ್ಡಲ್ಲೇ ಬರೆಸ್ತೀನಿ.